ಕಣ್ಣಿನ ಬದಲಿಗೆ

ಘೋರ ಅಪರಾಧದ ಸುದ್ದಿ ಬಂದರೆ ಸಾಕು, ಟಿವಿ ಚರ್ಚೆಯಲ್ಲಿ ಯಾರಾದರೊಬ್ಬರು ‘ಕಣ್ಣಿಗೆ ಕಣ್ಣು, ಹಲ್ಲಿಗೆ ಹಲ್ಲು’ ಎಂದು ಗುಡುಗುತ್ತಾರೆ. ಎದುರು ಕುಳಿತವರು ಅದು ಹಳೆಯ ಕಾಲದ ಕಾಡುನ್ಯಾಯ ಎಂದು ಹಳಿಯುತ್ತಾರೆ. ಇಬ್ಬರೂ ಅದನ್ನು ಸೇಡೆಂದೇ ತಿಳಿದವರು. ವರ್ಷಕ್ಕೊಮ್ಮೆ ಸಿನಗಾಗ್‌ನಲ್ಲಿ ಅದನ್ನು ಓದುವ ಯೆಹೂದ್ಯರ ಪರಂಪರೆ ಹಾಗೆ ತಿಳಿದಿಲ್ಲ.

ಆ ಮಾತಿರುವುದು ‘ಮಿಶ್ಪಾತೀಮ್’ ಎಂಬ ವಾರದ ಪಾಠದಲ್ಲಿ, ಅವರ ಧರ್ಮಗ್ರಂಥ ತೋರಾದ ವಿಮೋಚನಕಾಂಡದ 21ನೇ ಅಧ್ಯಾಯದಲ್ಲಿ. ಹಿಂದಿನ ವಾರ ಸೀನಾಯ್ ಬೆಟ್ಟದ ಗುಡುಗು, ಮಿಂಚು, ಹತ್ತು ಆಜ್ಞೆ. ಈ ವಾರ ಹಾಯುವ ಎತ್ತು, ಮುಚ್ಚದೆ ಬಿಟ್ಟ ಗುಂಡಿ, ಹೊಡೆದಾಟದ ಗಾಯ. ‘ಕಣ್ಣಿಗೆ ಕಣ್ಣು’ ಎನ್ನುವಲ್ಲಿ ಮೂಲದಲ್ಲಿರುವ ಹೀಬ್ರೂವಿನ ‘ತಹತ್’ ಎಂದರೆ ‘ಬದಲಿಗೆ’; ಅದನ್ನು ಸೇಡೆಂದೂ ಓದಬಹುದು, ಪರಿಹಾರವೆಂದೂ ಓದಬಹುದು. ನಮ್ಮ ‘ಮುಯ್ಯಿ’ಗೂ ಇದೇ ಸಿಕ್ಕು: ಮದುವೆಯಲ್ಲಿ ಓದಿಸಿದ್ದನ್ನೂ ತೀರಿಸುತ್ತೇವೆ, ಹಗೆಯನ್ನೂ ತೀರಿಸುತ್ತೇವೆ. ಯೆಹೂದ್ಯರ ಧರ್ಮಶಾಸ್ತ್ರ ಚರ್ಚೆಗಳ ಗ್ರಂಥವಾದ ತಾಲ್ಮೂದಿನ ಪಂಡಿತರು ‘ಬದಲಿಗೆ’ ಎಂದರೆ ಪರಿಹಾರದ ಹಣ ಎಂದು ಪಟ್ಟು ಹಿಡಿದರು. ಕುರುಡನೊಬ್ಬ ಇನ್ನೊಬ್ಬನ ಕಣ್ಣು ಕಳೆದರೆ ಅವನಿಂದ ಏನನ್ನು ಕೀಳುತ್ತೀರಿ ಎಂದು ಕೇಳಿದರು. ಊನ, ನೋವು, ಚಿಕಿತ್ಸೆ, ಕೆಲಸ ತಪ್ಪಿದ ದಿನಗಳು, ಅವಮಾನ ಎಂದು ಐದು ಬಾಬ್ತು ಹಾಕಿದರು.

ನನಗೆ ಪ್ರಿಯವಾದದ್ದು ಐದನೆಯದು. ತಾಲ್ಮೂದಿಗೆ ತಳಹದಿಯಾದ ಕಾನೂನು ಸಂಗ್ರಹ ಮಿಶ್ನಾದಲ್ಲಿ ಒಂದು ಪ್ರಕರಣವಿದೆ. ಒಬ್ಬ ಬೀದಿಯಲ್ಲಿ ಹೆಂಗಸೊಬ್ಬಳ ತಲೆವಸ್ತ್ರ ಎಳೆದ. ತೀರ್ಪು ಕೊಟ್ಟ ಪಂಡಿತ ರಬ್ಬಿ ಅಕೀವ 400 ಝೂಝ್ ಬೆಳ್ಳಿ ನಾಣ್ಯ ಕೊಡು ಎಂದರು. ಅವನು ವಾಯಿದೆ ಪಡೆದು, ಸಾಕ್ಷಿಗಳನ್ನು ನಿಲ್ಲಿಸಿಕೊಂಡು, ಅವಳ ಅಂಗಳದ ಬಾಗಿಲಲ್ಲಿ ಎಣ್ಣೆಯ ಕುಡಿಕೆ ಒಡೆದ. ಅವಳು ತಲೆಯ ಬಟ್ಟೆ ಸರಿಸಿ, ಚೆಲ್ಲಿದ ಎಣ್ಣೆಯನ್ನು ಅಂಗೈಯಲ್ಲಿ ಬಾಚಿ ಕೂದಲಿಗೆ ಹಚ್ಚಿಕೊಂಡಳು. ಚಿಲ್ಲರೆ ಕಾಸಿನ ಎಣ್ಣೆಗಾಗಿ ತಾನೇ ತಲೆ ತೆರೆದವಳಿಗೆ 400 ಝೂಝೇ ಎಂದು ಅವನ ವಾದ. ಅಕೀವ ಒಪ್ಪಲಿಲ್ಲ. ತನ್ನ ಮಾನವನ್ನು ಅವಳು ಏನೇ ಮಾಡಿಕೊಳ್ಳಲಿ, ಅದನ್ನು ಕಳೆದ ನೀನು ಕೊಡಲೇಬೇಕು.

ಇದರ ಪಕ್ಕದಲ್ಲಿ ಜರ್ಮನ್ ತತ್ವಜ್ಞಾನಿ ಕಾಂಟ್ ನನಗೆ ಬಲು ಒಣ ಮನುಷ್ಯನಾಗಿ ಕಾಣುತ್ತಾನೆ. ದ್ವೀಪ ತೊರೆದು ಚದುರಲಿರುವ ಸಮಾಜವೂ ಸೆರೆಯಲ್ಲಿರುವ ಕೊನೆಯ ಕೊಲೆಗಾರನನ್ನು ಕೊಂದೇ ಹೊರಡಬೇಕೆಂದು 1797ರಲ್ಲಿ ಬರೆದ. ಕೊಲೆಗಾರನ ಜೀವಕ್ಕೆ ಈಡು ಪಡೆಯಬೇಡಿ ಎಂದು ತೋರಾ ಕೂಡ ಹೇಳುತ್ತದೆ, ನಿಜ. ಆದರೆ ಕಾಂಟ್‌ನ ತಕ್ಕಡಿಯಲ್ಲಿ ಕೂರುವವನು ತಪ್ಪಿತಸ್ಥನೊಬ್ಬನೇ; ಕಣ್ಣು ಹೋದವನ ಔಷಧಿ ಖರ್ಚನ್ನು ಯಾರೂ ಕೇಳುವುದಿಲ್ಲ.

‘ಬದಲಿಗೆ’ ಎಂದರೆ ಹಣವೇ ಆದರೆ ತೋರಾ ನೇರವಾಗಿ ‘ಹಣ’ ಎನ್ನಬಹುದಿತ್ತಲ್ಲ? ಮಧ್ಯಯುಗದ ಯೆಹೂದ್ಯ ಪಂಡಿತ ಮೈಮೋನಿಡಿಸ್ ಕೊಡುವ ಉತ್ತರ: ಗಾಯ ಮಾಡಿದವನು ತನ್ನ ಅಂಗ ಕಳೆದುಕೊಳ್ಳಲು ತಕ್ಕವನೇ, ಅದಕ್ಕೇ ಹಣ ತೆರುತ್ತಾನೆ. ಕಣ್ಣಿಗೆ ಇಷ್ಟು ದರ ಎಂದು ಬರೆದಿಟ್ಟಿದ್ದರೆ ದುಡ್ಡಿದ್ದವರು ಚೀಲ ಬಿಚ್ಚಿಕೊಂಡೇ ಹೊಡೆಯಲು ಬರುತ್ತಿದ್ದರು. ಪೂರ್ತಿ ಹಣ ಎಣಿಸಿ ಕೊಟ್ಟರೂ, ಗಾಯಗೊಂಡವನ ಕ್ಷಮೆ ಕೇಳುವ ತನಕ ಹೊಡೆದವನ ತಪ್ಪು ಮನ್ನಾ ಆಗದು ಎಂದು ಮಿಶ್ನಾ ಅಕೀವರ ಪ್ರಕರಣವಿರುವ ಅಧ್ಯಾಯದಲ್ಲೇ ಸೇರಿಸುತ್ತದೆ.