ಕಟ್ಟಳೆಯಿಲ್ಲದ ಆಟ

ಗೋಲಿಯಾಡುವ ಹುಡುಗರ ಬಳಿ ಸ್ವಲ್ಪ ಹೊತ್ತು ನಿಂತವರಿಗೆ, ಆಟ ಮೊದಲಾಗುವ ಮುನ್ನವೇ ಒಂದು ಜಗಳ ಕೇಳಿಸುತ್ತದೆ: ಯಾವುದು ಲೆಕ್ಕಕ್ಕುಂಟು, ಯಾವುದು ಲೆಕ್ಕಕ್ಕಿಲ್ಲ? ಆಗ ದೊಡ್ಡ ಚೀಲದ ಹುಡುಗನೊಬ್ಬ, “ಎಲ್ಲವೂ ನಡೆಯಲಿ, ಯಾವ ಕಟ್ಟಳೆಯೂ ಬೇಡ” ಎಂದುಬಿಡುತ್ತಾನೆ. ಮಾತು ಉದಾರವಾಗಿಯೇ ಕೇಳುತ್ತದೆ. ಅದು ನಿಜವಾಗಿಯೂ ಉದಾರವೇ ಎಂಬುದನ್ನು ನಾವಿಲ್ಲಿ ವಿಚಾರಿಸಬೇಕೆಂದಿದ್ದೇವೆ. ಇದಕ್ಕೆ ತಕ್ಕ ದೃಷ್ಟಾಂತವು ಗೋಲಿಗಿಂತಲೂ, ಅಮೆರಿಕದಲ್ಲಿ ಹುಟ್ಟಿದ ಒಂದು ಎಲೆಯಾಟದಲ್ಲಿ ಸ್ಪಷ್ಟವಾಗಿ ದೊರೆಯುತ್ತದೆ.

ಇಸ್ಪೀಟಿನಲ್ಲಿ 52 ಎಲೆಗಳ ಒಂದೇ ಕಟ್ಟು ಎಲ್ಲರಿಗೂ ಸೇರಿದ್ದು. ಚದುರಂಗದಲ್ಲಿ ಇಬ್ಬರಿಗೂ 16 ಕಾಯಿಗಳು. ಗಣಿತದ ಅಧ್ಯಾಪಕ ರಿಚರ್ಡ್ ಗಾರ್‌ಫೀಲ್ಡ್ ರಚಿಸಿ, 1993ರಲ್ಲಿ ಪ್ರಕಟವಾದ ‘ಮ್ಯಾಜಿಕ್: ದ ಗ್ಯಾದರಿಂಗ್’ ಎಂಬ ಆಟದಲ್ಲಿ ಹಾಗಲ್ಲ. ಇಲ್ಲಿ ಪ್ರತಿಯೊಬ್ಬ ಆಟಗಾರನೂ ತನ್ನ ಕಟ್ಟನ್ನು ತಾನೇ ಕಟ್ಟಿಕೊಂಡು ಬರುತ್ತಾನೆ. ಎಲೆಗಳನ್ನು ಅಂಗಡಿಯಲ್ಲಿ ಮುಚ್ಚಿದ ಪೊಟ್ಟಣಗಳಲ್ಲಿ ಕೊಳ್ಳಬೇಕು. ಒಡೆದ ಮೇಲೆಯೇ ಒಳಗೇನಿದೆ ಎಂದು ತಿಳಿಯುವುದು. ಕೆಲವು ಎಲೆಗಳು ಸಾಮಾನ್ಯ, ಕೆಲವು ವಿರಳ. ಆಡುವವರಿಬ್ಬರೂ ಮಾಂತ್ರಿಕರು, ನೆಲದ ಎಲೆಗಳಿಂದ ಶಕ್ತಿಯನ್ನು ಪಡೆದು, ಮಂತ್ರಗಳನ್ನು ಪ್ರಯೋಗಿಸಿ, ಎದುರಾಳಿಯ 20 ಪ್ರಾಣಗಳನ್ನು ಕಳೆಯಬೇಕು. ಒಬ್ಬೊಬ್ಬರೂ ಕೆಲವೇ ಪೊಟ್ಟಣಗಳನ್ನು ಕೊಂಡಾರು, ಒಂದು ಗೆಳೆಯರ ಗುಂಪಿನಲ್ಲಿ ಪ್ರಬಲವಾದ ಎಲೆಗಳು ಒಂದೆರಡಕ್ಕಿಂತ ಹೆಚ್ಚು ಇರಲಾರವು ಎಂಬುದು ಗಾರ್‌ಫೀಲ್ಡರ ಎಣಿಕೆಯಾಗಿತ್ತು. ಎಲೆಗಳು ಕೈಯಿಂದ ಕೈಗೆ ಹರಿದಾಡಲೆಂದು ಪಣವನ್ನೂ ಇಟ್ಟಿದ್ದರು: ಆಟಕ್ಕೆ ಮೊದಲು ಇಬ್ಬರೂ ಒಂದೊಂದು ಎಲೆಯನ್ನು ಒಡ್ಡಬೇಕು, ಗೆದ್ದವನಿಗೆ ಎರಡೂ. ಹಸ್ತಿನಾಪುರದ ದ್ಯೂತಸಭೆಯ ಕಥೆಯನ್ನು ಬಲ್ಲ ನಮ್ಮ ಓದುಗರಿಗೆ ಆ ಪದ್ಧತಿ ಏಕೆ ಬಹುಕಾಲ ನಿಲ್ಲಲಿಲ್ಲವೆಂದು ಹೇಳಬೇಕಾಗಿಲ್ಲ.

ಎಣಿಕೆ ತಪ್ಪಿತು. ಜನರು ಪೊಟ್ಟಣಗಳನ್ನು ಪೆಟ್ಟಿಗೆಗಟ್ಟಲೆ ಕೊಂಡರು. ಮೊದಲ ನಿಯಮದಂತೆ ಕಟ್ಟಿನಲ್ಲಿ ಕನಿಷ್ಠ 40 ಎಲೆಗಳಿದ್ದರೆ ಸಾಕು. ಒಂದೇ ಎಲೆಯ ಪ್ರತಿಗಳು ಎಷ್ಟಿರಬೇಕೆಂಬ ಮಿತಿಯಿರಲಿಲ್ಲ. ಇದರ ಪರಿಣಾಮವನ್ನು ಒಂದು ಲೆಕ್ಕದಿಂದ ತೋರಿಸಬಹುದು. ‘ಬ್ಲ್ಯಾಕ್ ಲೋಟಸ್’, ಎಂದರೆ ಕರಿದಾವರೆ, ಎಂಬ ಎಲೆಗೆ ಏನೂ ವೆಚ್ಚವಿಲ್ಲ. ಆದರೆ ಅದು 3 ಶಕ್ತಿಗಳನ್ನು ಕೊಡುತ್ತದೆ. ಅದರಲ್ಲಿ 2ನ್ನು ‘ಚಾನಲ್’ ಎಂಬ ಮಂತ್ರಕ್ಕೆ ತೆತ್ತರೆ, ಆಟಗಾರನು ತನ್ನ ಪ್ರಾಣಗಳನ್ನೇ ಶಕ್ತಿಯಾಗಿ ಮಾಡಿಕೊಳ್ಳಬಹುದು. 20ರಲ್ಲಿ 19ನ್ನು ಕೊಟ್ಟು ಒಂದನ್ನು ಉಳಿಸಿಕೊಂಡರೆ, ಕರಿದಾವರೆಯಲ್ಲಿ ಮಿಕ್ಕ 1 ಸೇರಿ 20 ಆಯಿತು. ಆ ಇಪ್ಪತ್ತನ್ನೂ, ಒಂದು ಬೆಟ್ಟದ ಎಲೆ ಕೊಡುವ ಕೆಂಪು ಶಕ್ತಿಯ ನೆರವಿನಿಂದ, ‘ಫೈರ್‌ಬಾಲ್’ ಎಂಬ ಬೆಂಕಿಯುಂಡೆಗೆ ತುಂಬಿ ಎಸೆದರೆ ಎದುರಾಳಿಯ ಕಥೆ ಮುಗಿಯಿತು. ಅವನು ಒಂದು ಎಲೆಯನ್ನೂ ಇಳಿಸಿರುವುದಿಲ್ಲ. ಅದೃಷ್ಟದಿಂದ ಎಂದೋ ಒಮ್ಮೆ ಹೀಗಾದರೆ ಬೆರಗು. ಕಟ್ಟಿನ ತುಂಬ ಕರಿದಾವರೆಗಳನ್ನೇ ತುಂಬಿಕೊಂಡು ಬಂದವನಿಗೆ ಅದು ದಿನದ ಊಟ. ಎದುರಿಗೆ ಕುಳಿತವನು ಆಗ ಆಟಗಾರನಲ್ಲ, ನೋಟಕ.

ಆದುದರಿಂದ 1994ರಲ್ಲಿ ಕಟ್ಟಳೆಗಳು ಬಂದವು: ಕಟ್ಟಿಗೆ ಕನಿಷ್ಠ 60 ಎಲೆ, ನೆಲದ ಮೂಲ ಎಲೆಗಳನ್ನುಳಿದು ಯಾವುದೂ 4ಕ್ಕಿಂತ ಹೆಚ್ಚಿರಕೂಡದು, ತೀರ ಪ್ರಬಲವಾದವು ಒಂದೊಂದೇ. ಮರುವರ್ಷ ಆಟವು ಎರಡು ದಾರಿಯಾಯಿತು. ಒಂದರಲ್ಲಿ ಇತ್ತೀಚಿನ ಎಲೆಗಳಿಗೆ ಮಾತ್ರ ಅವಕಾಶ. ಇನ್ನೊಂದರಲ್ಲಿ ಮೊದಲಿನಿಂದ ಅಚ್ಚಾದ ಎಲ್ಲಕ್ಕೂ. 2004ರಿಂದ ಈ ಎರಡನೆಯದಕ್ಕೆ ‘ವಿಂಟೇಜ್’ ಎಂದು ಹೆಸರು. ಬಾಗಿಲು ತೆರೆದಿಟ್ಟ ಆಟವೆಂದರೆ ಇದೇ. ಅಲ್ಲಿಯೂ ಕರಿದಾವರೆ ಒಂದೇ ಒಂದು! ಜಪಾನಿನ ‘ಯು-ಗಿ-ಓ’ ಆಟದ ಸಾಂಪ್ರದಾಯಿಕ ಪಂದ್ಯದಲ್ಲಿಯೂ ಬೇರೆಡೆ ನಿಷಿದ್ಧವಾದ ಎಲೆಗಳಿಗೆ ಪ್ರವೇಶವುಂಟು, ಒಂದೊಂದು ಪ್ರತಿಗೆ ಮಾತ್ರ. ಕಟ್ಟಳೆಯಿಲ್ಲದ ಆಟವೆಂದು ಹೆಸರಾದಲ್ಲಿಯೂ ಒಂದು ಕಟ್ಟಳೆ ಉಳಿಯಲೇಬೇಕಾಯಿತು; ಇಲ್ಲವಾದರೆ ಎರಡನೆಯವನಿಗೆ ಸರದಿಯೇ ಇಲ್ಲ.

ತೆರೆದ ಬಾಗಿಲಿನ ಹಿರಿಮೆಯನ್ನು ನಾವು ಅಲ್ಲಗಳೆಯುವುದಿಲ್ಲ. ಹಳೆಯ ಎಲೆಯನ್ನು ಪ್ರೀತಿಯಿಂದ ಕಾಪಾಡಿಕೊಂಡವನಿಗೆ, “ನಿನ್ನದು ಇನ್ನು ಸಲ್ಲದು” ಎನ್ನದಿರುವುದು ದೊಡ್ಡ ಮಾತೇ. ಆಟದ ಇಡೀ ನೆನಪೇ ಅಲ್ಲಿ ಆಡುವವನ ಕೈಗೆ ಎಟುಕುತ್ತದೆ. ಆದರೆ ಯಾರ ಕೈಗೆ?

ಮೊಟ್ಟಮೊದಲ ಮುದ್ರಣದಲ್ಲಿ ಹೊರಬಂದ ಕರಿದಾವರೆಗಳು ಸುಮಾರು 1,100. ಅವುಗಳಲ್ಲಿ ಒಂದು 2021ರ ಹರಾಜಿನಲ್ಲಿ 5,11,100 ಡಾಲರಿಗೆ ಹೋಯಿತು. 1995ರಲ್ಲಿ ಪ್ರಕಾಶಕರು ಅನೇಕ ಹಳೆಯ ಎಲೆಗಳನ್ನು ಮತ್ತೆ ಅಚ್ಚುಹಾಕಿದಾಗ, ಸಂಗ್ರಾಹಕರು ತಮ್ಮ ಆಸ್ತಿಯ ಬೆಲೆ ಇಳಿಯಿತೆಂದು ದೂರಿದರು. 1996ರಲ್ಲಿ ಪ್ರಕಾಶಕರು ಒಂದು ಪಟ್ಟಿಯನ್ನು ಹೊರಡಿಸಿ, ಅದರಲ್ಲಿರುವ ಎಲೆಗಳನ್ನು ಎಂದಿಗೂ ಮರುಮುದ್ರಿಸುವುದಿಲ್ಲವೆಂದು ಮಾತು ಕೊಟ್ಟರು. ಕರಿದಾವರೆ ಆ ಪಟ್ಟಿಯಲ್ಲಿದೆ.

ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕೆಂದು ತರಗತಿಯಲ್ಲಿ ಹೇಳುವವರು ನಾವು. ಆದರೂ ಇಲ್ಲಿ ನಮ್ಮ ಮನಸ್ಸು ಅಳುಕುತ್ತದೆ. ಮಾತು ಪಡೆದವರು ಅಂದು ಎಲೆಗಳಿದ್ದವರು. ಅದರ ಬೆಲೆಯನ್ನು ತೆರುತ್ತಿರುವವರು ಅಂದು ಹುಟ್ಟಿರದವರೂ ಹೌದು. ಅವರ ಮುಂದೆ ಯಾವ ನಿಯಮವೂ ಅಡ್ಡ ನಿಂತಿಲ್ಲ. “ಎಲ್ಲವೂ ನಡೆಯುತ್ತದೆ, ತೆಗೆದುಕೊಂಡು ಬಾ” ಎನ್ನುತ್ತಾರೆ, ಅಷ್ಟೆ. ಬರೆದಿಟ್ಟ ಕಟ್ಟಳೆಯೊಡನೆ ವಾದಿಸಬಹುದು. ಬರೆಯದ ಕಟ್ಟಳೆಯೊಡನೆ ವಾದಿಸುವುದು ಹೇಗೆ?

ಚದುರಂಗದಲ್ಲಿಯೂ ಹಣವಂತನ ಮಗನಿಗೆ ಒಳ್ಳೆಯ ಗುರು ಸಿಗುವುದಿಲ್ಲವೇ ಎಂದು ಕೆಲವರು ಆಕ್ಷೇಪಿಸಿಯಾರು. ಸಿಗುತ್ತಾನೆ. ಆದರೆ ಗುರುವಿನ ವಿದ್ಯೆ ಶಿಷ್ಯನ ತಲೆಯೊಳಗೆ ಇಳಿಯಬೇಕು, ಅದಕ್ಕೆ ಅವನೇ ದುಡಿಯಬೇಕು. ಎಲೆ ಕೈಯಲ್ಲಿಯೇ ಉಳಿಯುತ್ತದೆ. ದಡ್ಡನ ಕೈಯಲ್ಲಿಯೂ ಕರಿದಾವರೆ ಮೂರು ಶಕ್ತಿಗಳನ್ನೇ ಕೊಡುತ್ತದೆ.

ಇದಕ್ಕೆ ಆಟಗಾರರೇ ಒಂದು ಉಪಾಯವನ್ನು ಕಂಡುಕೊಂಡರು. ಅಧಿಕೃತ ಪಂದ್ಯಗಳಲ್ಲಿ ನಿಜವಾದ ಎಲೆಯೇ ಬೇಕು. ಆದರೆ ಅಮೆರಿಕದಲ್ಲಿ ತಾವೇ ಏರ್ಪಡಿಸಿಕೊಂಡ ಅನೇಕ ವಿಂಟೇಜ್ ಪಂದ್ಯಗಳಲ್ಲಿ, ಒಬ್ಬೊಬ್ಬನೂ 10 ಅಥವಾ 15 ಎಲೆಗಳ ಬದಲಿಗೆ ಹೆಸರು ಬರೆದ ಬದಲಿ ಎಲೆಗಳನ್ನು ಇಟ್ಟುಕೊಳ್ಳಬಹುದೆಂದು ಒಪ್ಪಿಕೊಂಡರು. ಇದು ಖೋಟಾ ಎಲೆಯಲ್ಲ. ಖೋಟಾ ಎಲೆ ತಾನು ನಿಜವೆಂದು ನಟಿಸುತ್ತದೆ. ಇದು ತಾನು ಬದಲಿಯೆಂದು ಹೇಳಿಕೊಂಡೇ ಮೇಜಿಗೆ ಬರುತ್ತದೆ. ವಿನೋದವೆಂದರೆ, 2022ರಲ್ಲಿ ಪ್ರಕಾಶಕರೇ ಹಳೆಯ ಎಲೆಗಳನ್ನು ಹೋಲುವ, ಬೆನ್ನಿನ ಚಿತ್ರ ಮಾತ್ರ ಬೇರೆಯಾದ ಎಲೆಗಳನ್ನು ಅಚ್ಚುಹಾಕಿ, ಅವು ಪಂದ್ಯಕ್ಕೆ ಸಲ್ಲವೆಂದೂ ತಿಳಿಸಿ, ನಾಲ್ಕು ಪೊಟ್ಟಣಗಳಿಗೆ 999 ಡಾಲರ್ ಬೆಲೆಯಿಟ್ಟರು. ಪಂದ್ಯಕ್ಕೆ ಸಲ್ಲದ ಎಲೆಗೂ ಹಣದ ಬೇಲಿ!

ನಮ್ಮ ಒಲವು ಬದಲಿ ಎಲೆಯವರ ಕಡೆಗೆ. ಸಂಗ್ರಾಹಕನ ಕರಿದಾವರೆ ಅವನ ಪೆಟ್ಟಿಗೆಯಲ್ಲಿ ಕ್ಷೇಮವಾಗಿದೆ. ಕೊಟ್ಟ ಮಾತಿಗೂ ಭಂಗವಿಲ್ಲ. ಇತ್ತ ಮೇಜಿನ ಮೇಲೆ ಒಬ್ಬ ತನ್ನ ಕಟ್ಟಿನಿಂದ ಒಂದು ಸಾಧಾರಣ ನೆಲದ ಎಲೆಯನ್ನು ಇಳಿಸುತ್ತಾನೆ. ಅದರ ಮೇಲೆ ಶಾಯಿಯಲ್ಲಿ ‘ಬ್ಲ್ಯಾಕ್ ಲೋಟಸ್’ ಎಂದು ಗೀಚಿದೆ. ಎದುರಿನವನು ನಗುವುದಿಲ್ಲ. ಮೂರು ಶಕ್ತಿಗಳೆಂದು ಲೆಕ್ಕ ಹಿಡಿದು, ತನ್ನ ಕೈಯ ಎಲೆಗಳನ್ನು ಮತ್ತೊಮ್ಮೆ ನೋಡಿಕೊಳ್ಳುತ್ತಾನೆ.