ನಿತ್ಯದ ವಾಹನ: ಉಪಯೋಗವೂ ಸಂತೋಷವೂ

ಮನುಷ್ಯನು ಕೊಳ್ಳುವ ವಸ್ತುಗಳಲ್ಲಿ ಕೆಲವು ಅವನ ಅವಶ್ಯಕತೆಯನ್ನು ತೋರಿಸುವವು, ಕೆಲವು ಅವನ ಅಭಿರುಚಿಯನ್ನು ತೋರಿಸುವವು. ವಾಹನವಾದರೋ ಇವೆರಡನ್ನೂ ಒಮ್ಮೆಗೇ ಬಯಲಿಗಿಡುವದು. ರಾಮದುರ್ಗ ತಾಲೂಕಿನ ಸಾಲಹಳ್ಳಿಯಲ್ಲಿ ಒಬ್ಬ ಗೃಹಸ್ಥನು ಕಾರು ಕೊಳ್ಳಲು ನಿಶ್ಚಯಿಸಿದನೆಂದು ಇಟ್ಟುಕೊಳ್ಳಬಹುದು. ಮನೆಯ ಹಿರಿಯರು, "ಕೆಲಸಕ್ಕೆ ಬರುವಂಥದು ಇರಲಿ, ಸಾಲ ಮಾಡಿ ಶೋಕಿ ಬೇಡ" ಎನ್ನುವರು. ಮಗನು, "ಹತ್ತು ವರ್ಷ ದಿನಾಲು ನಡೆಸುವ ಗಾಡಿ, ನಡೆಸಲು ಮನಸ್ಸೇ ಬಾರದಿದ್ದರೆ ಅದೇತರ ಗಾಡಿ?" ಎನ್ನುವನು. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿದೆ. ಹೀಗಿರಲು, ಉಪಯೋಗವನ್ನು ನೋಡಬೇಕಾದಲ್ಲಿ ಸಂತೋಷವನ್ನೂ ನೋಡುವದು ಧರ್ಮಸಮ್ಮತವೋ ಅಲ್ಲವೋ ಎಂಬದು ವಿಚಾರಾರ್ಹವಾದ ಪ್ರಶ್ನೆಯು.

ಈ ಪ್ರಶ್ನೆಯು ಕಾರಿನೊಡನೆ ಹುಟ್ಟಿದ್ದಲ್ಲ. ಮಲಪ್ರಭೆಯ ಸೀಮೆಯ ಎರೆಹೊಲದಲ್ಲಿ ಹಸಿಯಾದ ಜಿಗುಟು ಮಣ್ಣನ್ನು ಸೀಳಿ ನಡೆಯಲು ಭಾರವಾದ ಮೈಯುಳ್ಳ ಕೃಷ್ಣಾತೀರದ ತಳಿಯ ಎತ್ತುಗಳು ಬೇಕಾಗಿದ್ದವು. ಒಣದಾರಿಯಲ್ಲಿ ಚಕ್ಕಡಿ ಕಟ್ಟಿ ಬೇಗನೆ ಊರು ಸೇರಲು ಹಗುರಾದ ಖಿಲಾರಿ ಎತ್ತುಗಳು ಮೇಲು. ಜಾತ್ರೆಯ ದನದ ಪೇಟೆಗೆ ಹೋದ ಒಕ್ಕಲಿಗನು ಹಲ್ಲು ನೋಡುತ್ತಿದ್ದನು, ಸುಳಿ ನೋಡುತ್ತಿದ್ದನು, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಿದ್ದನು. ಅದೇ ಒಕ್ಕಲಿಗನು ಕಾರಹುಣ್ಣಿಮೆಗೆ ಅದೇ ಎತ್ತಿನ ಕೋಡಿಗೆ ಬಣ್ಣ ಹಚ್ಚಿ, ಕೊರಳಿಗೆ ಗೆಜ್ಜೆ ಕಟ್ಟಿ, ಅದನ್ನು ನೋಡಿ ಹಿಗ್ಗುತ್ತಿದ್ದನು. ಗೆಜ್ಜೆಯಿಂದ ಗಳೆಯು ಆಳಕ್ಕೆ ಹೋಗುವದೇ ಎಂದು ಅವನನ್ನು ಯಾರೂ ಕೇಳಲಿಲ್ಲ. ಆದರೆ ಶರ್ಯತ್ತಿನ ಎತ್ತನ್ನೇ ಕೊಂಡು ಹೊಲವನ್ನು ಬೀಳುಬಿಟ್ಟವನನ್ನು ಊರು ನಗದೆ ಬಿಡುತ್ತಿರಲಿಲ್ಲ. ದುಡಿಮೆಯ ಎತ್ತಿನಲ್ಲಿ ಸಂತೋಷಪಡುವದು ಬೇರೆ, ಸಂತೋಷಕ್ಕಾಗಿ ದುಡಿಮೆಯನ್ನು ಕೆಡಿಸುವದು ಬೇರೆ ಎಂಬ ವಿವೇಕವು ಹಳ್ಳಿಗೆ ಹೊಸದಲ್ಲ.

ಮೀಮಾಂಸಕರು ಕರ್ಮಗಳನ್ನು ನಿತ್ಯ, ನೈಮಿತ್ತಿಕ, ಕಾಮ್ಯವೆಂದು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ಪ್ರತಿದಿನ ತಪ್ಪದೆ ಮಾಡತಕ್ಕದ್ದು ನಿತ್ಯ. ಒಂದು ನಿಮಿತ್ತವು ಒದಗಿದಾಗ ಮಾಡತಕ್ಕದ್ದು ನೈಮಿತ್ತಿಕ. ಫಲದ ಆಸೆಯಿಂದ ಮಾಡುವದು ಕಾಮ್ಯ. ಈ ವಿಭಾಗವನ್ನು ವಾಹನಕ್ಕೆ ಹಚ್ಚಿ ನೋಡಿದರೆ ಅನೇಕ ಗೊಂದಲಗಳು ತಾವಾಗಿಯೇ ಬಿಡಿಸಿಕೊಳ್ಳುವವು. ವರ್ಷಕ್ಕೊಮ್ಮೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೋ ಗೊಡಚಿಯ ವೀರಭದ್ರನ ಜಾತ್ರೆಗೋ ಏಳೆಂಟು ಜನರು ಕೂಡಿ ಹೋಗುವದು ನೈಮಿತ್ತಿಕ. ಉಳಿದ ದಿನಗಳಲ್ಲಿ ಒಬ್ಬಿಬ್ಬರು ಶಾಲೆಗೋ ಪೇಟೆಗೋ ದವಾಖಾನೆಗೋ ಹೋಗಿ ಬರುವದು ನಿತ್ಯ. ಜನರು ಸಾಮಾನ್ಯವಾಗಿ ನೈಮಿತ್ತಿಕವನ್ನು ಮನಸ್ಸಿನಲ್ಲಿಟ್ಟುಕೊಂಡು ದೊಡ್ಡ ಗಾಡಿಯನ್ನು ಕೊಂಡು, ನಿತ್ಯದಲ್ಲಿ ಅದರ ಖಾಲಿ ಆಸನಗಳನ್ನು ಹೊತ್ತು ತಿರುಗುವರು. ಮೂರು ದಿನಗಳ ಯಾತ್ರೆಗೆ ಬಾಡಿಗೆಯ ವಾಹನವು ದೊರೆಯುವದು. ಮುನ್ನೂರು ದಿನಗಳ ಇಂಧನವನ್ನು ಮಾತ್ರ ತಾನೇ ತೆರಬೇಕು. ಇನ್ನು ನೆರೆಯವರು ಕಣ್ಣರಳಿಸಿ ನೋಡಲಿ ಎಂಬ ಆಸೆಯಿಂದ ಕೊಳ್ಳುವದಾದರೆ ಅದು ಶುದ್ಧ ಕಾಮ್ಯವೇ ಸರಿ.

ಆದಕಾರಣ ವಾಹನವನ್ನು ಆರಿಸುವವನು ಮೊದಲು ತನ್ನ ನಿತ್ಯವನ್ನು ಅರಿತುಕೊಳ್ಳಬೇಕು. ದಿನಕ್ಕೆ ಎಷ್ಟು ಮೈಲು? ದಾರಿಯು ಡಾಂಬರಿನದೋ, ಮಳೆಗಾಲದಲ್ಲಿ ತಗ್ಗುಬೀಳುವದೋ? ಮೊಣಕಾಲು ನೋವಿನ ಮುದುಕಿಯು ಯಾರ ಕೈಯನ್ನೂ ಹಿಡಿಯದೆ ಹತ್ತಿ ಇಳಿಯಬಹುದಾದಷ್ಟು ಎತ್ತರದಲ್ಲಿ ಆಸನವಿದೆಯೋ? ಕೆಟ್ಟರೆ ರಿಪೇರಿ ಮಾಡುವವರು ಎಷ್ಟು ದೂರದಲ್ಲಿದ್ದಾರೆ? ಇಂಧನದ ವಿಚಾರವೂ ನಿತ್ಯದ ಮೇಲೆಯೇ ನಿಲ್ಲುವದು. ೨೦೨೦ ರ ಎಪ್ರಿಲ್ ತಿಂಗಳಿಂದ ಬಂದ ಭಾರತ್ ಸ್ಟೇಜ್ ೬ ನಿಯಮದನ್ವಯ ಡೀಸೆಲ್ ಕಾರುಗಳಿಗೆ ಹೊಗೆಯ ಮಸಿಯನ್ನು ಹಿಡಿಯುವ ಸೋಸುಕವನ್ನು ಅಳವಡಿಸುವರು. ಇಂಜಿನು ಚೆನ್ನಾಗಿ ಕಾಯ್ದು ಬಹಳ ಹೊತ್ತು ಓಡಿದರೆ ಆ ಮಸಿಯು ಸುಟ್ಟುಹೋಗುವದು; ಎರಡು ಮೂರು ಮೈಲಿನ ಓಡಾಟವೇ ನಿತ್ಯವಾದರೆ ಅದು ಕಟ್ಟಿಕೊಳ್ಳುವದು. ಸಿ.ಎನ್.ಜಿ. ಅನಿಲದ ಗಾಡಿಯ ಖರ್ಚು ಕಡಿಮೆ, ಆದರೆ ಅದರ ಸಿಲಿಂಡರು ಸಾಮಾನಿನ ಸ್ಥಳವನ್ನು ನುಂಗುವದು. ವಿದ್ಯುತ್ತಿನ ಕಾರು ಮನೆಯಲ್ಲಿಯೇ ರಾತ್ರಿ ಚಾರ್ಜು ಮಾಡಿಕೊಳ್ಳುವ ಅನುಕೂಲವಿದ್ದವನಿಗೆ ದಿನದ ಗೊತ್ತಾದ ದಾರಿಗೆ ಬಹು ಅಗ್ಗವು. ಅನುಕೂಲವಿಲ್ಲದವನಿಗೆ ಅದೇ ಒಂದು ಚಿಂತೆ. ಯಾವದೂ ತಾನಾಗಿ ಒಳ್ಳೆಯದಲ್ಲ, ಕೆಟ್ಟದ್ದಲ್ಲ. ಯಾರ ನಿತ್ಯಕ್ಕೆ ಯಾವದು ಎಂಬದೇ ಮುಖ್ಯವು.

ಹಾಗಾದರೆ ಸಂತೋಷಕ್ಕೆ ಸ್ಥಾನವೆಲ್ಲಿ? ಸ್ಟಿಯರಿಂಗು ಹಗುರಾಗಿ ಹೊರಳುವದು, ಬ್ರೇಕು ಎಣಿಸಿದಲ್ಲಿ ಹಿಡಿಯುವದು, ಮುಂದಿನ ದಾರಿಯು ನಿಚ್ಚಳವಾಗಿ ಕಾಣುವದು, ಆಸನವು ಬೆನ್ನಿಗೆ ಆಧಾರವಾಗುವದು, ಇವೇ ನಿತ್ಯದ ಚಾಲನೆಯ ಸುಖಗಳು. ಇವು ಉಪಯೋಗದ ವೈರಿಗಳಲ್ಲ, ಉಪಯೋಗದ ಪರಿಪಾಕಗಳು. ದಣಿದು ಬೇಸತ್ತ ಸಾರಥಿಯೇ ತಪ್ಪುವನು. ದೇಶದ ಅನುಭವವೂ ಹೀಗೆಯೇ ಇದೆ. ೧೯೫೮ ರಿಂದ ೨೦೧೪ ರ ವರೆಗೆ ತಯಾರಾದ ಅಂಬಾಸೆಡರ್ ಕಾರು ವಿಶಾಲವಾದದ್ದು, ಗಟ್ಟಿಮುಟ್ಟಾದದ್ದು. ಆದರೆ ನಡೆಸಲು ತೋಳಿನ ಬಲ ಬೇಕಾಗಿತ್ತು. ೧೯೮೩ ರ ದಶಂಬರದಲ್ಲಿ ಹೊರಬಂದ ಮಾರುತಿ ೮೦೦ ಚಿಕ್ಕದು, ಅದರ ಇಂಜಿನು ೭೯೬ ಸಿ.ಸಿ. ಮಾತ್ರ. ಆದರೂ ಅದು ಲಕ್ಷಾಂತರ ಮನೆಗಳನ್ನು ಸೇರಿತು. ಕಡಿಮೆ ಇಂಧನದಲ್ಲಿ ಓಡಿಸುವ ಹಗುರತನವೇ ಕೈಗೆ ಸುಖವನ್ನೂ ಕೊಟ್ಟಿತು. ಅಲ್ಲಿ ಉಪಯೋಗಕ್ಕೂ ಸಂತೋಷಕ್ಕೂ ಮೂಲವು ಒಂದೇ ಆಗಿತ್ತು.

ಇದಕ್ಕೆ ಒಂದು ಆಕ್ಷೇಪವು ಬರಬಹುದು. ಕಠೋಪನಿಷತ್ತು ಶ್ರೇಯಸ್ಸನ್ನೂ ಪ್ರೇಯಸ್ಸನ್ನೂ ಬೇರೆ ಬೇರೆಯೆಂದು ಹೇಳಿ, ಧೀರನು ಶ್ರೇಯಸ್ಸನ್ನೇ ಆರಿಸುವನೆಂದು ಬೋಧಿಸುವದಲ್ಲವೇ? ನಿಜವು. ಆದರೆ ಆ ಉಪದೇಶವು ಪ್ರಿಯವಾದದ್ದೆಲ್ಲವನ್ನೂ ನಿಂದಿಸುವದಿಲ್ಲ. ಹಿತವನ್ನು ಬಿಟ್ಟು ಪ್ರಿಯವನ್ನು ವರಿಸುವ ಮಂದಬುದ್ಧಿಯನ್ನು ನಿಂದಿಸುವದು. ಹಿತವಾದದ್ದರಲ್ಲಿಯೇ ಪ್ರಿಯವು ನೆಲೆಸಿದ್ದರೆ ಅದನ್ನು ಕಿತ್ತೊಗೆಯಬೇಕೆಂಬ ವಿಧಿಯಿಲ್ಲ. ನಿಜವಾದ ವೈರಿಯು ಸಂತೋಷವಲ್ಲ, ಆಡಂಬರವು. ಇವೆರಡನ್ನೂ ಬೇರ್ಪಡಿಸುವ ಪರೀಕ್ಷೆಯು ಸುಲಭವಾಗಿದೆ: ನೋಡುವವರು ಯಾರೂ ಇಲ್ಲದ ದಾರಿಯಲ್ಲಿ ಒಬ್ಬನೇ ಹೋಗುವಾಗಲೂ ಉಳಿಯುವ ಸುಖವು ಸಂತೋಷ, ನೋಡುವವರೊಡನೆ ಬಂದು ಅವರೊಡನೆಯೇ ಹೋಗುವ ಸುಖವು ಆಡಂಬರ.

ಈ ಪರೀಕ್ಷೆಯು ಎಷ್ಟು ಸೂಕ್ಷ್ಮವೆಂಬದಕ್ಕೆ ಟಾಟಾ ನ್ಯಾನೋದ ಇತಿಹಾಸವನ್ನು ನೋಡಬಹುದು. ಒಂದೇ ಸ್ಕೂಟರಿನ ಮೇಲೆ ಇಡೀ ಕುಟುಂಬವು ಹೋಗುವದನ್ನು ಕಂಡು ರತನ್ ಟಾಟಾ ಅವರಿಗೆ ಆ ಕಲ್ಪನೆಯು ಹೊಳೆಯಿತು. ೨೦೦೯ ರಲ್ಲಿ ಒಂದು ಲಕ್ಷ ರೂಪಾಯಿಯ ಕಾರೆಂದು ಅದು ಪೇಟೆಗೆ ಬಂದಿತು. ೨೦೧೮ ರಲ್ಲಿ ಅದರ ತಯಾರಿಕೆಯು ನಿಂತಿತು. ಎಲ್ಲಕ್ಕಿಂತ ಅಗ್ಗದ ಕಾರು ಎಂಬ ಹೆಸರೇ ಅದಕ್ಕೆ ಮುಳುವಾಯಿತೆಂದು ಹಲವರು ಹೇಳುವರು. ಹಾಗಿದ್ದರೆ ಕೊಳ್ಳದವರ ಅಭಿಮಾನವನ್ನು ದೂಷಿಸಬಹುದು. ಆದರೆ ೨೦೧೪ ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯು ನಡೆಸಿದ ಅಪಘಾತ ಪರೀಕ್ಷೆಯಲ್ಲಿ ನ್ಯಾನೋಕ್ಕೂ ಅದರೊಡನೆ ಬೇರೆ ಕೆಲವು ಚಿಕ್ಕ ಕಾರುಗಳಿಗೂ ಸೊನ್ನೆ ನಕ್ಷತ್ರವೇ ದೊರೆಯಿತು. ಅಗ್ಗವಾದದ್ದೆಲ್ಲ ಹಿತವಲ್ಲವೆಂದು ಇದರಿಂದ ತಿಳಿಯುವದು. ಹಿರಿಯರು "ಕೆಲಸಕ್ಕೆ ಬರುವಂಥದು" ಎನ್ನುವಾಗ ಜೀವವನ್ನು ಕಾಯುವದೂ ಒಂದು ಕೆಲಸವೆಂಬದನ್ನು ಲೆಕ್ಕಕ್ಕೆ ಹಿಡಿಯಬೇಕು. ೨೦೨೩ ರ ಅಕ್ಟೋಬರದಿಂದ ಭಾರತ್ ಎನ್‌ಕ್ಯಾಪ್ ಎಂಬ ಸ್ವದೇಶೀ ಪರೀಕ್ಷೆಯೂ ನಡೆದಿರುವದರಿಂದ, ತಿಳಿಯದೆ ಕೊಂಡೆನೆನ್ನಲು ಈಗ ಅವಕಾಶವು ಕಡಿಮೆ.

ಉಪಯೋಗದ ಹೆಸರಿನಲ್ಲಿಯೂ ಕುರುಡುತನವು ಇರಬಹುದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ೧೮೬೯ ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸಾಯಕಲ್ಲಿನ ಅಂಗಡಿಯಿಂದ ಮೊದಲುಮಾಡಿ, ಮುಂದೆ ಕಬ್ಬಿಣದ ನೇಗಿಲನ್ನು ತಯಾರಿಸಿದಾಗ, ಕಬ್ಬಿಣವು ಭೂಮಿಗೆ ವಿಷವಾಗುವದೆಂದು ಒಕ್ಕಲಿಗರು ಅಂಜಿದರೆಂದು ಹೇಳುವರು. ಉಪಯೋಗಿಸಿ ನೋಡಿದ ಮೇಲೆ ಆ ಅಂಜಿಕೆಯು ಹೋಯಿತು. ವಿದ್ಯುತ್ತಿನ ಗಾಡಿಯನ್ನಾಗಲಿ, ತಾನೇ ಗೇರು ಬದಲಿಸುವ ಗಾಡಿಯನ್ನಾಗಲಿ ನೋಡದೆಯೇ ಬೇಡವೆನ್ನುವ ಹಿರಿಯರಿಗೂ, ಜಾಹೀರಾತನ್ನು ನೋಡಿಯೇ ಬೇಕೆನ್ನುವ ಕಿರಿಯರಿಗೂ ಔಷಧವು ಒಂದೇ: ತಮ್ಮ ದಿನದ ದಾರಿಯಲ್ಲಿಯೇ, ಮನೆಯವರನ್ನು ಹಿಂದೆ ಕೂಡ್ರಿಸಿಕೊಂಡು, ಒಮ್ಮೆ ನಡೆಸಿ ನೋಡುವದು.

ಕೊನೆಗೆ ಋಣದ ಮಾತು. ೨೦೨೫ ರ ಸೆಪ್ಟೆಂಬರ ೨೨ ರಿಂದ ಚಿಕ್ಕ ಕಾರುಗಳ ಮೇಲಿನ ಜಿ.ಎಸ್.ಟಿ. ತೆರಿಗೆಯು ನೂರಕ್ಕೆ ೨೮ ರಿಂದ ೧೮ ಕ್ಕೆ ಇಳಿಯಿತು. ಉಳಿದ ಹಣವನ್ನು ಮನೆಯಲ್ಲಿಡುವವರು ಕೆಲವರು. ಅದೇ ಹಣಕ್ಕೆ ಇನ್ನೂ ದೊಡ್ಡದನ್ನು ಕೊಳ್ಳುವವರು ಕೆಲವರು. ಬೆಲೆಯು ಇಳಿದರೂ ಆಸೆಯು ಇಳಿಯದಿದ್ದರೆ ಕಂತು ಇಳಿಯುವದಿಲ್ಲ. ತಿಂಗಳ ಕಂತನ್ನು ನೆನೆದು ನಿದ್ದೆಗೆಡುವವನಿಗೆ ಎಂಥ ಮೆತ್ತನೆಯ ಆಸನವೂ ಸುಖಕೊಡದು. ಧರ್ಮಾರ್ಥಗಳಿಗೆ ವಿರೋಧವಾಗದ ಕಾಮಕ್ಕೆ ಶಾಸ್ತ್ರದ ಅಡ್ಡಿಯಿಲ್ಲ. ಆದುದರಿಂದ ಮೊದಲು ತನ್ನ ಮತ್ತು ದಾರಿಹೋಕರ ಜೀವರಕ್ಷಣೆ, ಬಳಿಕ ತನ್ನ ಶಕ್ತಿಗೆ ಮೀರದ ಬೆಲೆ, ಬಳಿಕ ನಿತ್ಯದ ಅನುಕೂಲ. ಈ ಮೂರು ಬೇಲಿಗಳ ಒಳಗೆ ಯಾವದು ಮನಸ್ಸಿಗೆ ಹೆಚ್ಚು ಒಪ್ಪುವದೋ ಅದನ್ನು ನಾಚಿಕೆಪಡದೆ ಆರಿಸಬಹುದು. ಮೂರನ್ನೂ ದಾಟಿದ ಮೇಲೆಯೂ ಸಂತೋಷವನ್ನು ತಳ್ಳುವದು ವೈರಾಗ್ಯವಲ್ಲ, ಬರಿಯ ಮೊಂಡುತನವು.

ಕಠೋಪನಿಷತ್ತೇ ದೇಹವನ್ನು ರಥವೆಂದೂ, ಬುದ್ಧಿಯನ್ನು ಸಾರಥಿಯೆಂದೂ, ಮನಸ್ಸನ್ನು ಲಗಾಮೆಂದೂ ವರ್ಣಿಸಿದೆ. ಆ ವರ್ಣನೆಯಲ್ಲಿ ರಥದ ಬಣ್ಣದ ಮಾತಿಲ್ಲ, ಬೆಲೆಯ ಮಾತಿಲ್ಲ. ಸೇರಬೇಕಾದ ಸ್ಥಾನವನ್ನು ಸೇರುವ ಮಾತಿದೆ. ಪ್ರತಿದಿನ ಸುರಕ್ಷಿತವಾಗಿ ಮನೆಗೆ ಮರಳಿಸುವ, ಮರಳುವ ದಾರಿಯನ್ನು ಹಗುರಗೊಳಿಸುವ ಗಾಡಿಯೇ ಗೃಹಸ್ಥನಿಗೆ ಯೋಗ್ಯವಾದ ಗಾಡಿಯು.