ಗೊತ್ತಿದ್ದೂ ಹೇಳದಿರುವುದು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ಊರು ಬಿಟ್ಟು ಬಂದು ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲೆ ನಿಂತ ನಮ್ಮಲ್ಲಿ ಹೆಚ್ಚಿನವರಿಗೆ ಮನೆ ಕಟ್ಟುವ ಯೋಗವಿಲ್ಲ, ಕಟ್ಟಿದ್ದನ್ನು ಕೊಳ್ಳುವುದಷ್ಟೆ. ಊರಿನಲ್ಲಿ ಕಟ್ಟಿಸಿದವನಿಗೆ ತಳಪಾಯ ಎಷ್ಟು ಆಳಕ್ಕೆ ಇಳಿದಿದೆ ಎಂಬುದು ಗೊತ್ತಿರುತ್ತದೆ. ಇಲ್ಲಿ ನಾಲ್ಕನೆಯ ಮಹಡಿಯ ಎರಡು ಕೋಣೆಗಳಿಗಾಗಿ ಜೀವಮಾನದ ಉಳಿತಾಯವನ್ನೂ ಇಪ್ಪತ್ತು ವರ್ಷದ ಸಾಲವನ್ನೂ ಸುರಿಯುವವನಿಗೆ ಕಾಣುವುದು ಹೊಸ ಬಣ್ಣ ಮಾತ್ರ. ಗೋಡೆಯ ಒಳಗಿನ ಸ್ಥಿತಿ, ಕಾಗದಪತ್ರಗಳ ನಿಜ, ಇವು ಗೊತ್ತಿರುವುದು ಮಾರುವವನಿಗೆ. ಅವನು ಸುಳ್ಳು ಹೇಳಬಾರದು ಎಂಬುದನ್ನು ಎಲ್ಲರೂ ಒಪ್ಪುತ್ತೇವೆ. ಕೇಳದೆ ಇದ್ದುದನ್ನೂ ತಾನಾಗಿ ಹೇಳಬೇಕೆ ಎಂಬುದೇ ಪ್ರಶ್ನೆ.

ಪ್ರಶ್ನೆ ಹಳೆಯದು. ರೋಮಿನ ಸಿಸಿರೋ ಕ್ರಿಸ್ತಪೂರ್ವ 44ರಲ್ಲಿ ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದಲ್ಲಿ ಇದನ್ನೇ ಚರ್ಚಿಸಿದ್ದಾನೆ. ಒಬ್ಬ ತನ್ನ ಮನೆಯನ್ನು ಮಾರುತ್ತಿದ್ದಾನೆ. ಅದರ ಮರಮುಟ್ಟು ಲಡ್ಡಾಗಿರುವುದು, ಕೋಣೆಗಳಲ್ಲಿ ಹಾವು ಹರಿಯುವುದು ಅವನೊಬ್ಬನಿಗೇ ಗೊತ್ತು. ಡಯೋಜಿನೀಸ್ ಎಂಬ ತತ್ತ್ವಜ್ಞಾನಿಯ ಪ್ರಕಾರ ಅವನು ಕೊಳ್ಳೆಂದು ಯಾರನ್ನೂ ಬಲವಂತ ಮಾಡಲಿಲ್ಲ. ಹೇಳದಿರುವುದು ಬೇರೆ, ಮುಚ್ಚಿಡುವುದು ಬೇರೆ. ಅವನ ಶಿಷ್ಯ ಆಂಟಿಪೇಟರನ ಪ್ರಕಾರ ಇದು ದಾರಿ ತಪ್ಪಿದವನಿಗೆ ದಾರಿ ತೋರದಿರುವುದಕ್ಕಿಂತಲೂ ಕೆಟ್ಟದ್ದು, ತಿಳಿದೂ ತಿಳಿದೂ ತಪ್ಪುದಾರಿಗೆ ಹಚ್ಚಿದಂತೆ. ಸಿಸಿರೋ ಶಿಷ್ಯನ ಪಕ್ಷ ವಹಿಸಿ, ನಡೆದ ಒಂದು ಮೊಕದ್ದಮೆಯನ್ನೂ ಹೇಳುತ್ತಾನೆ. ಶಕುನ ನೋಡುವ ಪುರೋಹಿತರು ತಮ್ಮ ನೋಟಕ್ಕೆ ಅಡ್ಡವಾಗಿದ್ದ ಕ್ಲಾಡಿಯಸನ ಮನೆಯ ಎತ್ತರದ ಭಾಗವನ್ನು ಕೆಡವಲು ಆಜ್ಞೆ ಮಾಡಿದರು. ಅವನು ಆಜ್ಞೆಯನ್ನು ಮುಚ್ಚಿಟ್ಟು ಮನೆಯನ್ನು ಮಾರಿಬಿಟ್ಟ. ಕೊಂಡವನು ಕೆಡವಬೇಕಾಯಿತು. ಗೊತ್ತಿದ್ದೂ ಹೇಳಲಿಲ್ಲವಾದ್ದರಿಂದ ನಷ್ಟವನ್ನು ಮಾರಿದವನೇ ತುಂಬಿಕೊಡತಕ್ಕದ್ದು ಎಂದು ನ್ಯಾಯಾಧೀಶ ಕೇಟೋ ತೀರ್ಪಿತ್ತ.

ಈ ಕತೆ ನಮ್ಮ ಬೀದಿಯದೇ ಎನಿಸುವುದಿಲ್ಲವೆ? ಇಲ್ಲಿಯೂ ಮಳೆಗಾಲಕ್ಕೆ ಮುಂಚೆ ನಗರಪಾಲಿಕೆಗಳು ಅಪಾಯಕಾರಿ ಕಟ್ಟಡಗಳ ಪಟ್ಟಿ ಹೊರಡಿಸುತ್ತವೆ, ನೋಟೀಸು ಬರುತ್ತದೆ. ಅದನ್ನು ಬೀರುವಿನೊಳಗಿಟ್ಟು ಗಿರಾಕಿಗೆ ಚಹಾ ಕೊಡುವವರು ಕ್ಲಾಡಿಯಸನ ವಂಶದವರೇ. ಕಾಗದದ ದೋಷ ಇದಕ್ಕಿಂತ ಘೋರವಾದದ್ದು. ಕಲ್ಯಾಣ–ಡೊಂಬಿವಲಿಯಲ್ಲಿ ಪಾಲಿಕೆಯ ಅನುಮತಿಪತ್ರಗಳನ್ನೇ ನಕಲಿಯಾಗಿ ಸೃಷ್ಟಿಸಿ, ಅವುಗಳ ಬಲದಿಂದ ಮಹಾರೇರಾ ನೋಂದಣಿಯನ್ನೂ ಪಡೆದ 65 ಕಟ್ಟಡಗಳನ್ನು ಕೆಡವುವಂತೆ ಮುಂಬಯಿ ಉಚ್ಚ ನ್ಯಾಯಾಲಯ 2024ರ ನವೆಂಬರಿನಲ್ಲಿ ಆದೇಶಿಸಿತು. ಅವುಗಳಲ್ಲಿ ಸಾಲ ಮಾಡಿ ಮನೆ ಕೊಂಡಿದ್ದ ಸಂಸಾರಗಳು ಸಾವಿರಾರು. ಬಿಲ್ಡರನು ಎಲ್ಲವನ್ನೂ ಬಹಿರಂಗಪಡಿಸಲೆಂದೇ 2016ರ ರೇರಾ ಕಾಯಿದೆ ಬಂದಿತು. ಬಹಿರಂಗಪಡಿಸಿದ್ದೇ ಸುಳ್ಳಾದರೆ ನೋಂದಣಿ ಸಂಖ್ಯೆ ಏನು ಮಾಡೀತು? ಅಲ್ಲದೆ ಆ ಕಾಯಿದೆ ಬಿಲ್ಡರನಿಗೆ. ಒಬ್ಬ ಗೃಹಸ್ಥ ಇನ್ನೊಬ್ಬನಿಗೆ ಮಾರುವ ಹಳೆಯ ಮನೆ ಅದರ ಹಿಡಿತಕ್ಕೆ ಸಿಗದು.

ಹಾಗೆಂದು ಗೃಹಸ್ಥನಿಗೆ ಕಾನೂನೇ ಇಲ್ಲವೆಂದಲ್ಲ. 1872ರ ಕರಾರು ಕಾಯಿದೆ ಬರಿಯ ಮೌನವನ್ನು ವಂಚನೆಯೆನ್ನುವುದಿಲ್ಲ. ಮಾತಾಡುವ ಹೊಣೆಯಿದ್ದಲ್ಲಿ ಮೌನವೂ ವಂಚನೆ. ಮನೆಯ ವಿಷಯದಲ್ಲಿ ಆ ಹೊಣೆಯನ್ನು 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಕಲಮು ಹೊರಿಸಿದೆ. ತನಗೆ ಗೊತ್ತಿದ್ದು, ಕೊಳ್ಳುವವನಿಗೆ ಗೊತ್ತಿಲ್ಲದೆ, ಅವನು ಸಾಧಾರಣ ಎಚ್ಚರಿಕೆಯಿಂದ ಕಂಡುಕೊಳ್ಳಲಾರದ ಮುಖ್ಯ ದೋಷವನ್ನು, ಅದು ಮನೆಯದಿರಲಿ ಹಕ್ಕಿನದಿರಲಿ, ಮಾರುವವನು ಹೇಳಲೇಬೇಕು. ಬಾಡಿಗೆಗೆ ಕೊಡುವವರೂ ಹೊರತಲ್ಲ. ಹನ್ನೊಂದು ತಿಂಗಳ ಲೀವ್ ಅಂಡ್ ಲೈಸನ್ಸ್ ಪತ್ರ ಬರೆಸಿ, ಇದು ಬಾಡಿಗೆಯಲ್ಲ, ಬರಿಯ ಪರವಾನಗಿ ಎಂದು ಕೈತೊಳೆದುಕೊಳ್ಳುವವರಿದ್ದಾರೆ. ಅದೇ 1882ರ ಈಸ್‌ಮೆಂಟ್ ಕಾಯಿದೆಯ 57ನೆಯ ಕಲಮು, ಪ್ರಾಣಕ್ಕೆ ಅಥವಾ ಸೊತ್ತಿಗೆ ಅಪಾಯ ತರುವ ದೋಷವನ್ನು ಪರವಾನಗಿ ಕೊಡುವವನೂ ತಿಳಿಸಬೇಕೆನ್ನುತ್ತದೆ. ಪ್ರಾಣವೆಂಬುದು ಉತ್ಪ್ರೇಕ್ಷೆಯಲ್ಲ. 2013ರ ಏಪ್ರಿಲ್ 4ರಂದು ಠಾಣೆಯ ಶಿಳ್‌ಫಾಟಾ ಬಳಿ ಮೇಲೆ ಮಹಡಿಗಳು ಏರುತ್ತಿರುವಾಗಲೇ ಕೆಳಗೆ ಜನ ವಾಸಕ್ಕಿದ್ದ ಅನಧಿಕೃತ ಕಟ್ಟಡ ಕುಸಿದು 74 ಮಂದಿ ಸತ್ತರು.

ಕೊಳ್ಳುವವನಿಗೆ ಕಣ್ಣಿಲ್ಲವೆ ಎಂದು ಕೇಳಬಹುದು. ಒಡೆದ ಹಾಸುಗಲ್ಲಿಗೆ ಕಣ್ಣು ಸಾಕು. ಮಾರ್ಚ್ ತಿಂಗಳಲ್ಲಿ ಮನೆ ನೋಡಲು ಬಂದವನಿಗೆ ಜುಲೈಯಲ್ಲಿ ಸೋರುವ ಸೂರು ಕಾಣುವುದು ಹೇಗೆ? 2005ರ ಜುಲೈ 26ರ ಮಹಾಮಳೆಯಲ್ಲಿ ಕಲ್ಯಾಣದ ತಗ್ಗಿನ ಮನೆಗಳಲ್ಲಿ ನೀರು ಎಲ್ಲಿಯವರೆಗೆ ನಿಂತಿತ್ತೆಂಬ ಗುರುತನ್ನು ಬಣ್ಣ ಮುಚ್ಚಿದೆ. ಬೇಸಗೆಯಲ್ಲಿ ಟ್ಯಾಂಕರಿನದೇ ನೀರು, ಸೊಸೈಟಿಯ ಬಾಕಿ, ಒ.ಸಿ. ಇಲ್ಲದಿರುವುದು, ನವಿಮುಂಬಯಿಯಲ್ಲಾದರೆ ಹಸ್ತಾಂತರಕ್ಕೆ ಸಿಡ್ಕೋ ಒಪ್ಪಿಗೆ ಬೇಕೆಂಬುದು — ಇವೆಲ್ಲ ಒಳಗಿದ್ದವನ ತಿಳಿವಳಿಕೆ. ಇದರ ಮೇಲೆ ನಮ್ಮದೇ ಒಂದು ಮಾತಿದೆ: “ನಾವು ನಾವೇ ಅಲ್ಲವೆ!” ಪರಭಾಷೆಯ ನಡುವೆ ಕನ್ನಡದ ಎರಡು ಮಾತು ಕೇಳಿದರೆ ನಮಗೆ ವಕೀಲನಿಂದ ಕಾಗದ ತೋರಿಸಿ ನೋಡುವುದೂ ಸಂಕೋಚ. ಆ ಮಾತನ್ನಾಡಿ ಎದುರಿನವನ ಸಾಧಾರಣ ಎಚ್ಚರಿಕೆಯನ್ನು ಮಲಗಿಸಿದವನ ಹೊಣೆ ಇಮ್ಮಡಿಯಾಗುತ್ತದೆ. ನಮ್ಮವರೆಂಬ ನಂಟು ರಿಯಾಯಿತಿ ಕೇಳುವುದಕ್ಕಲ್ಲ, ನಿಜ ಹೇಳುವುದಕ್ಕೆ.

ಇನ್ನು ಕಷ್ಟದ ಮಾತು. ಮಾರುವವನೇ ಮೋಸಹೋದವನಾಗಿದ್ದರೆ? ಬಿಲ್ಡರನ ನಕಲಿ ಕಾಗದ ನಂಬಿ ಕೊಂಡವನು. ಮಗಳ ಮದುವೆಗೋ ಆಸ್ಪತ್ರೆಯ ಖರ್ಚಿಗೋ ಈಗ ಹಣ ಬೇಕಾಗಿದೆ. ನಿಜ ಹೇಳಿದರೆ ಗಿರಾಕಿ ಎದ್ದು ಹೋಗುತ್ತಾನೆ, ಇಲ್ಲವೆ ಬೆಲೆ ಅರ್ಧಕ್ಕಿಳಿಯುತ್ತದೆ. ಅವನನ್ನು ಬೈಯುವುದು ಸುಲಭ. ಆದರೆ ಸಂತೆಯಲ್ಲಿ ಕೈಗೆ ಬಂದ ಖೋಟಾ ನೋಟನ್ನು ಗೊತ್ತಾದ ಮೇಲೂ ತರಕಾರಿಯವಳಿಗೆ ದಾಟಿಸಿದರೆ ನಷ್ಟ ಅಳಿಯುವುದಿಲ್ಲ. ಹೊರಲಾರದವರ ತಲೆಗೆ ಏರುತ್ತದೆ. ಕೊಂಡ ದಿನ ಅವನು ಮೋಸಹೋದವನು; ಮಾರಿದ ದಿನ ಬಿಲ್ಡರನ ಪಾಲುದಾರ. ಅವನಿಗೆ ದಾರಿ ಬಿಲ್ಡರನ ಮೇಲೆ, ನೆರೆಯವರೊಡನೆ ಕೂಡಿ, ದಾವೆ ಹೂಡುವುದು. ಆಗ ಜೊತೆಗೆ ನಿಲ್ಲುವುದು, ಒಳ್ಳೆಯ ವಕೀಲರನ್ನು ಹುಡುಕಿಕೊಡುವುದು ಸಂಘಸಂಸ್ಥೆಗಳ ಕೆಲಸ. ಪ್ರಾಮಾಣಿಕನು ಒಂಟಿಯಾಗಿ ನಷ್ಟ ಹೊರಲಿ ಎನ್ನುವ ಸಮಾಜಕ್ಕೆ ಪ್ರಾಮಾಣಿಕತೆಯನ್ನು ಬೋಧಿಸುವ ಅಧಿಕಾರವಿಲ್ಲ.

ನೆರೆಯವರ ಮೌನವನ್ನೂ ಮರೆಯಬಾರದು. ಕಟ್ಟಡದ ಹೆಸರು ಕೆಟ್ಟರೆ ನಮ್ಮ ಮನೆಯ ಬೆಲೆಯೂ ಇಳಿದೀತೆಂದು ಸುಮ್ಮನಿರುತ್ತೇವೆ. ಅರಗಿನ ಮನೆಗೆ ಹೊರಟ ಪಾಂಡವರನ್ನು ವಿದುರ ಸೂಚನೆಯಿಂದಲಾದರೂ ಎಚ್ಚರಿಸಿದ. ನಾವು ಅಷ್ಟನ್ನೂ ಮಾಡುವುದಿಲ್ಲ.

ದೋಷವಿರುವ ಮನೆಯನ್ನು ಮಾರಬಾರದೆಂದು ಯಾರೂ ಹೇಳುತ್ತಿಲ್ಲ. ದೋಷವನ್ನು ಕರಾರುಪತ್ರದಲ್ಲಿ ಬರೆದು, ಅದಕ್ಕೆ ತಕ್ಕ ಬೆಲೆ ಹೇಳಿ, ಒಪ್ಪಿದವನಿಗೆ ಮಾರೋಣ. ಕೆಲವು ಲಕ್ಷ ಕಡಮೆ ಬಂದೀತು. ಅದು ನಮ್ಮದಾಗಿದ್ದ ಹಣವೇ ಅಲ್ಲ. ಆ ಮನೆಯಲ್ಲಿ ನಾಳೆ ಮಲಗುವ ಮಕ್ಕಳ ಹೆಸರು ನಮಗೆ ಗೊತ್ತಿರಲಾರದು. ಗೋಡೆಯ ಬಿರುಕು ಗೊತ್ತಿದೆಯಲ್ಲ, ಅಷ್ಟನ್ನು ಹೇಳೋಣ.